ವಿನೋದಸ್ಥಾನಗಳ ಪರವಾನಗಿ: ತುಮಕೂರು ಸೀಮೆಯ ದೃಷ್ಟಿಯಿಂದ ಒಂದು ವಿಚಾರ

ಪ್ರಜೆಗಳ ವಿನೋದವು ರಾಜಶಾಸನಕ್ಕೆ ಒಳಪಟ್ಟಿರಬೇಕೆಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಜೂಜು ನಿಯತವಾದ ಒಂದೇ ಸ್ಥಳದಲ್ಲಿ ನಡೆಯತಕ್ಕದ್ದು. ಬೇರೆಡೆ ಆಡಿದವನಿಗೆ ೧೨ ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ೫ರಷ್ಟು ಅಧ್ಯಕ್ಷನಿಗೆ ಸಲ್ಲತಕ್ಕದ್ದು. ಕವಡೆಗಳನ್ನೂ ದಾಳಗಳನ್ನೂ ಅವನೇ ಒದಗಿಸಬೇಕು, ಅವು ಶುದ್ಧವಾಗಿರಬೇಕು. ಈ ಕಡೆಯ ನಿಯಮವೇ ಇಲ್ಲಿ ಗಮನಾರ್ಹವಾದುದು. ಆಟಗಾರನು ಸೋಲುವನೆಂಬುದಲ್ಲ, ಕೃತ್ರಿಮದ ದಾಳದಿಂದ ಸೋಲುವನೆಂಬುದೇ ಶಾಸ್ತ್ರಕಾರನ ಶಂಕೆ.

೧೯೬೩ರ ಕರ್ನಾಟಕ ಪೊಲೀಸ್ ಅಧಿನಿಯಮದಲ್ಲಿ ‘ಸಾರ್ವಜನಿಕ ವಿನೋದಸ್ಥಾನ’ ಎಂಬುದಕ್ಕೆ ಕೊಟ್ಟಿರುವ ಲಕ್ಷಣವು ಬಹು ವಿಶಾಲವಾದುದು. ಹಣ ಪಡೆದು ಜನರನ್ನು ಒಳಗೆ ಬಿಡುವ ಸಂಗೀತಶಾಲೆ, ನಾಟಕಶಾಲೆ, ಸರ್ಕಸ್, ಕುದುರೆಪಂದ್ಯದ ಮೈದಾನ, ಬಿಲಿಯರ್ಡ್ಸ್ ಕೊಠಡಿ, ಬ್ಯಾಗಟೆಲ್ ಕೊಠಡಿ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ತುಮಕೂರು ಸೀಮೆಯವರಿಗೆ ಈ ಪಟ್ಟಿಯ ಎರಡು ಹೆಸರುಗಳು ಚಿರಪರಿಚಿತವಾದುವು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘವು ಒಂದನ್ನು ನೆನಪಿಗೆ ತರುತ್ತದೆ. ಟಿಪ್ಪುವಿನ ದಂಡಿಗೆ ಕುದುರೆಗಳನ್ನು ಬೆಳೆಸಿ ಮುಂದೆ ಪಂದ್ಯದ ಕುದುರೆಗಳನ್ನು ಬೆಳೆಸಿದ ಕುಣಿಗಲಿನ ಅಶ್ವಶಾಲೆಯು ಮತ್ತೊಂದನ್ನು. ಮೂರನೆಯದಾದ ಬ್ಯಾಗಟೆಲ್ ಎಂಬುದು ಮೊಳೆ ಬಡಿದ ಹಲಗೆಯ ಮೇಲೆ ಗುಂಡು ಉರುಳಿಸುವ ಆಟ. ೧೮೭೧ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸ್ಪ್ರಿಂಗಿನ ಅಳವಡಿಕೆಯಾಯಿತು. ಕಾಸು ಹಾಕಿ ಆಡುವ ಪಿನ್‌ಬಾಲ್ ಯಂತ್ರವು ಇದರ ಸಂತಾನ. ಅಂಗಡಿಗಳಲ್ಲಿ ಅದರ ಸ್ಥಾನಕ್ಕೆ ಬಂದುದು ವಿಡಿಯೋ ಆಟದ ಯಂತ್ರ.

ಅಧಿನಿಯಮದ ೩೧ನೆಯ ಪ್ರಕರಣವು ಇಂಥ ಸ್ಥಾನಗಳಿಗೆ ಪರವಾನಗಿ ವಿಧಿಸುವ ಅಧಿಕಾರವನ್ನು ಪೊಲೀಸ್ ಕಮೀಷನರಿಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಅವರವರ ಎಲ್ಲೆಯೊಳಗೆ ಕೊಟ್ಟಿದೆ. ೧೯೮೯ರಲ್ಲಿ ಬೆಂಗಳೂರು ನಗರಕ್ಕಾಗಿ ಇಂಥದೊಂದು ಆಜ್ಞೆ ಹೊರಟಿತು. ವಿಡಿಯೋ ಆಟದಂಗಡಿಗಳವರು ಅದನ್ನು ಪ್ರಶ್ನಿಸಿದರು. ಎಂ. ಜೆ. ಶಿವಾನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೫ರಲ್ಲಿ ಆಜ್ಞೆಯನ್ನು ಎತ್ತಿಹಿಡಿಯಿತು. ಯಂತ್ರವನ್ನು ತಿದ್ದಿ ಫಲವನ್ನು ಮಾರ್ಪಡಿಸಬಹುದೆಂಬುದೂ ಅಲ್ಲಿ ವಿಚಾರಕ್ಕೆ ಬಂದಿತು. ಎರಡು ಸಾವಿರ ವರ್ಷಗಳ ಹಿಂದಿನ ದಾಳದ ಶಂಕೆಯೇ ಹೀಗೆ ಹೊಸ ರೂಪದಲ್ಲಿ ಮರಳಿತು.

ಆದರೆ ನ್ಯಾಯಶಾಸ್ತ್ರವು ಹೆಚ್ಚಾಗಿ ಹಿಡಿದಿರುವ ಒರೆಗಲ್ಲು ಬೇರೆ: ಆಟದಲ್ಲಿ ಕೌಶಲವು ಪ್ರಧಾನವೋ, ಅದೃಷ್ಟವು ಪ್ರಧಾನವೋ ಎಂಬುದು. ಸುಪ್ರೀಂ ಕೋರ್ಟಿನ ನಿರ್ಣಯಗಳಿಂದ ರಮ್ಮಿಗೂ, ೧೯೯೬ರಲ್ಲಿ ಕುದುರೆಪಂದ್ಯಕ್ಕೂ ಕೌಶಲದ ಪದವಿ ದೊರೆಯಿತು. ೨೦೨೧ರಲ್ಲಿ ರಾಜ್ಯವು ಅಧಿನಿಯಮವನ್ನು ತಿದ್ದಿ, ಹಣವೊಡ್ಡುವ ಆನ್‌ಲೈನ್ ಆಟಗಳನ್ನು ಕೌಶಲದ ಆಟವೆಂಬ ಭೇದವೆಣಿಸದೆ ನಿಷೇಧಿಸಿತು; ಕುದುರೆಪಂದ್ಯದ ಬಾಜಿಯನ್ನು ಮಾತ್ರ ಹೊರಗಿರಿಸಿತು. ೨೦೨೨ರ ಫೆಬ್ರವರಿ ೧೪ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ನಿಷೇಧವಿಧಿಗಳನ್ನು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಕೇಂದ್ರದ ಶಾಸನವೊಂದು ಹಣದ ಆನ್‌ಲೈನ್ ಆಟಗಳ ನಿಷೇಧಕ್ಕಾಗಿ ಅಂಗೀಕೃತವಾಯಿತು. ಕೌಶಲ, ಅದೃಷ್ಟಗಳ ಭೇದವನ್ನು ಅದೂ ಬದಿಗಿಟ್ಟಿತು.

ಈ ಏರಿಳಿತಗಳಿಗೆ ಕಾರಣವು ಒರೆಗಲ್ಲಿನಲ್ಲಿಯೇ ಇದೆ. ನಾಟಕವು ನೂರಾರು ಕಣ್ಣುಗಳ ಎದುರಿಗೆ ನಡೆಯುತ್ತದೆ. ಕುದುರೆಯ ಓಟವು ಬಯಲಿನಲ್ಲಿ. ಯಂತ್ರದ ದಾಳವಾದರೋ ಪೆಟ್ಟಿಗೆಯೊಳಗೆ ಅಡಗಿದೆ. ಅದನ್ನು ಬಲ್ಲವನು ಒಡೆಯನೊಬ್ಬನೇ. ಆಡುವ ಬಾಲಕನ ಕೈಚಳಕವೆಷ್ಟೆಂದು ಅಳೆಯುವುದರಿಂದ ಈ ಅಸಮತೆ ನೀಗುವುದಿಲ್ಲ. ಪೂರ್ಣನಿಷೇಧವು ಆಟವನ್ನು ಮರೆಗೆ ಅಟ್ಟೀತು. ಪರೀಕ್ಷೆಯಿಲ್ಲದ ಪರವಾನಗಿಯು ಬರಿಯ ಸುಂಕವಾದೀತು. ಲೈಸೆನ್ಸು ಕೊಡುವ ಅಧಿಕಾರಿಯು ಶುಲ್ಕವನ್ನು ಎಣಿಸುವುದಕ್ಕೆ ಮೊದಲು ಯಂತ್ರವನ್ನು ತೆರೆದು ನೋಡಬೇಕೆಂಬುದೇ ದ್ಯೂತಾಧ್ಯಕ್ಷನ ಶುದ್ಧವಾದ ದಾಳವು ಕಲಿಸುವ ಪಾಠ.