ಎಂಜಿನ್ನಿನ ನಾಡಿ ಹಿಡಿದವರು

ಮೊದಲ ಮಹಾಯುದ್ಧದ ಸೋಪ್‌ವಿತ್ ಕ್ಯಾಮೆಲ್ ವಿಮಾನದಲ್ಲಿ ಪೈಲಟ್‌ನ ಕಣ್ಣೆದುರು ಒಂದು ಪುಟ್ಟ ಗಾಜಿನ ಬುರುಡೆ ಇರುತ್ತಿತ್ತು. ಪಂಪಿನ ಪ್ರತಿ ಮಿಡಿತಕ್ಕೂ ಅದರೊಳಗಿನ ಎಣ್ಣೆ ಏರಿ ಇಳಿಯುತ್ತಿತ್ತು. ಏರಿಳಿತ ನಿಂತರೆ ಎಂಜಿನ್ನಿಗೆ ಹೆಚ್ಚು ಹೊತ್ತಿಲ್ಲವೆಂದೇ ಅರ್ಥ. ಬಳಸುತ್ತಿದ್ದದ್ದು ಹರಳೆಣ್ಣೆ. ಸಿಲಿಂಡರುಗಳೇ ಗಿರಗಿರನೆ ಸುತ್ತುವ ಆ ರೋಟರಿ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾಯುತ್ತಿತ್ತು. ಖನಿಜ ತೈಲವಾದರೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತದೆ. ಹರಳೆಣ್ಣೆ ಅಷ್ಟು ಸುಲಭಕ್ಕೆ ಬಗ್ಗದು. ಒಮ್ಮೆ ಬಳಸಿದ ಎಣ್ಣೆ ಮರಳಿ ಬರುತ್ತಿರಲಿಲ್ಲ, ಹೊಗೆಯೊಡನೆ ಹೊರಬಿದ್ದು ಪೈಲಟ್‌ನ ಮುಖಕ್ಕೂ ಮೆತ್ತಿಕೊಳ್ಳುತ್ತಿತ್ತು.

ರೋಟರಿಗಳ ಕಾಲ ಮುಗಿದ ಮೇಲೆ ಗಾಜಿನ ಬುರುಡೆಯ ಜಾಗಕ್ಕೆ ಮುಳ್ಳಿನ ಗೇಜು ಬಂತು. ಅದರ ಬೆಲೆ ಏನೆಂದು 1935ರ ಮೇ 15ರಂದು ಟಾಸ್ಮನ್ ಸಮುದ್ರದ ಮೇಲೆ ಮೂವರಿಗೆ ಗೊತ್ತಾಯಿತು. ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್, ಪಿ. ಜಿ. ಟೇಲರ್ ಮತ್ತು ರೇಡಿಯೋ ಆಪರೇಟರ್ ಜಾನ್ ಸ್ಟ್ಯಾನೇಜ್, ಮೂರು ಎಂಜಿನ್ನುಗಳ ‘ಸದರ್ನ್ ಕ್ರಾಸ್’ನಲ್ಲಿ ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡಿಗೆ ಹೊರಟಿದ್ದರು. ಮಧ್ಯದ ಎಂಜಿನ್ನಿನ ಹೊಗೆಕೊಳವೆಯ ತುಂಡೊಂದು ಕಳಚಿ ಬಲಗಡೆಯ ಪ್ರೊಪೆಲ್ಲರನ್ನು ಮುರಿಯಿತು. ಆ ಎಂಜಿನ್ನನ್ನು ನಿಲ್ಲಿಸಿ ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಭಾರ ಇಳಿಸಲು ಸರಕನ್ನೂ ಅಂಚೆಚೀಲಗಳನ್ನೂ ಸಮುದ್ರಕ್ಕೆ ಎಸೆದರು. ಅಷ್ಟರಲ್ಲಿ ಎಡಗಡೆಯ ಎಂಜಿನ್ನಿನ ಆಯಿಲ್ ಪ್ರೆಶರ್ ಕುಸಿಯತೊಡಗಿತು.

ನಿಂತ ಎಂಜಿನ್ನಿನಲ್ಲಿ ಎಣ್ಣೆಯಿತ್ತು, ಓಡುವ ಎಂಜಿನ್ನಿಗೆ ಇಲ್ಲ. ಟೇಲರ್ ಕಿಟಕಿಯಿಂದ ಹೊರಗೆ ದಾಟಿ, ಬಿರುಗಾಳಿಯನ್ನು ಎದುರಿಸಿ, ಕಂಬಿಯ ಮೇಲೆ ಕಾಲಿಟ್ಟು ಬಲಗಡೆಯ ಎಂಜಿನ್ನಿನವರೆಗೆ ಸರಿದರು. ಥರ್ಮಾಸ್ ಫ್ಲಾಸ್ಕಿನ ಹೊರಕವಚದಲ್ಲಿ ಎಣ್ಣೆ ಹಿಡಿದು ಸ್ಟ್ಯಾನೇಜ್ ಕೈಗೆ ಕೊಟ್ಟರು. ಅದು ಒಂದು ಸೂಟ್‌ಕೇಸಿನಲ್ಲಿ ಸೇರಿತು. ಆಮೇಲೆ ಎಡಗಡೆ ಹೋಗಿ ಟ್ಯಾಂಕಿಗೆ ಸುರಿದರು. ಮುಳ್ಳು ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಹೀಗೆ ಆರು ಬಾರಿ. ವಿಮಾನ ಸಿಡ್ನಿಗೆ ಮರಳಿತು. ಧೈರ್ಯದ ಕಥೆಯೆಂದೇ ಇದನ್ನು ಹೇಳುವುದುಂಟು. ಆದರೆ ಅಂಥ ಗಳಿಗೆಯಲ್ಲೂ ಮುಳ್ಳು ಕೇಳುತ್ತಿರುವುದು ಏನೆಂದು ಸರಿಯಾಗಿ ಅರಿತದ್ದು ಕೂಡ ಅಷ್ಟೇ ದೊಡ್ಡದು.

ಪ್ರೆಶರನ್ನು ಪಂಪೊಂದೇ ಹುಟ್ಟಿಸುವುದಿಲ್ಲ. ನಲ್ಲಿಯ ಪೈಪಿನ ಬಾಯಿಗೆ ಬೆರಳು ಒತ್ತಿದಾಗ ನೀರು ಬಿರುಸಾಗುವಂತೆ, ಎಣ್ಣೆಯ ದಾರಿ ಇಕ್ಕಟ್ಟಾದಾಗಲೇ ಒತ್ತಡ. ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದು ಸವೆದು ಅಗಲವಾದರೆ ಒತ್ತಡ ಸೋರಿಹೋಗುತ್ತದೆ. ಪೈಪರ್ ಕಬ್ ವಿಮಾನಗಳನ್ನು ಹಾರಿಸಿದ ಕಾಂಟಿನೆಂಟಲ್ ಎ-65 ಎಂಜಿನ್ನಿಗೆ ಓಡುವಾಗ ಚದರ ಇಂಚಿಗೆ ಸುಮಾರು 35 ಪೌಂಡ್, ಐಡಲ್‌ನಲ್ಲಿ ಕನಿಷ್ಠ 10 ಪೌಂಡ್ ಬೇಕು.

ಬಿಚ್ಚಿ ಕಟ್ಟಿದ ಎಂಜಿನ್ನಿನಲ್ಲಿ ಅಷ್ಟು ಒತ್ತಡ ಬರದಿದ್ದರೆ ಮೆಕ್ಯಾನಿಕ್ ಮೊದಲು ಅನುಮಾನಿಸುತ್ತಿದ್ದದ್ದು ಗೇಜನ್ನೇ. ಸರಿಯಿದೆಯೆಂದು ಗೊತ್ತಿರುವ ಇನ್ನೊಂದನ್ನು ಜೋಡಿಸಿ ನೋಡುತ್ತಿದ್ದ. ಆಮೇಲೆ ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್: ಅದರ ಪೀಠದಲ್ಲಿ ಒಂದು ಲೋಹದ ಪುಡಿ ಸಿಕ್ಕಿಕೊಂಡರೂ ಮುಳ್ಳು ಕುಣಿಯುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಇಳಿದರೆ ಸವೆತದ ಗುಮಾನಿ. ಈ ಸಣ್ಣ ಕಾಂಟಿನೆಂಟಲ್‌ಗಳಲ್ಲಿ ಮೋಸಹೋಗುವ ಜಾಗ ಇನ್ನೊಂದಿದೆ. ಎಣ್ಣೆ ಪಂಪಿನ ಗೇರುಗಳು ಹಿಂಬದಿಯ ಅಲ್ಯುಮಿನಿಯಂ ಕೇಸಿನ ಕುಳಿಯೊಳಗೇ ತಿರುಗುತ್ತವೆ. ಬೇರಿಂಗು, ರಿಂಗು, ಪಿಸ್ಟನ್ ಎಲ್ಲ ಹೊಸದು ಹಾಕಿ, ಗೀರು ಬಿದ್ದ ಹಳೆಯ ಕೇಸನ್ನೇ ಮುಚ್ಚಿಬಿಟ್ಟರೆ ಎಣ್ಣೆ ಗೇರಿನ ಪಕ್ಕದಿಂದ ನುಸುಳುತ್ತದೆ. ಆಗ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಸೇರಿಸಿ ಮುಳ್ಳನ್ನು ಎತ್ತುವುದು ದುರಸ್ತಿಯಲ್ಲ, ರೋಗವನ್ನು ಬಚ್ಚಿಡುವುದು.

ಈ ಕಸುಬಿಗೆ ಬೆಂಗಳೂರಿನಲ್ಲೂ ಬೇರಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಟ್ಟಿದರು. ಯುದ್ಧದ ನಡುವೆ, 1943ರಲ್ಲಿ, ಅದು ಅಮೆರಿಕದ ವಾಯುಪಡೆಯ ಕೈಗೆ ಹೋಗಿ ವಿಮಾನ, ಎಂಜಿನ್ನುಗಳ ದೊಡ್ಡ ಓವರ್‌ಹಾಲ್ ಕೇಂದ್ರವಾಯಿತು. ಅದೇ ಕಾರ್ಖಾನೆಯ ಪುಷ್ಪಕ್ 1958ರಲ್ಲಿ ಮೊದಲ ಬಾರಿ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಹುಡುಗರಿಗೆ ಹಾರಾಟ ಕಲಿಸಿದ ಆ ಎರಡಾಸನದ ವಿಮಾನದಲ್ಲಿದ್ದದ್ದೂ ಕಾಂಟಿನೆಂಟಲ್ಲೇ, 90 ಅಶ್ವಶಕ್ತಿಯ ಸಿ-90.

ಅಂಥ ಎಂಜಿನ್ ಕಟ್ಟುವಾಗ ಅನುಭವಸ್ಥರು ಪಂಪಿನ ಗೇರುಗಳ ಸಂದಿಗೆ ವ್ಯಾಸಲೀನ್ ತುಂಬುತ್ತಾರೆ. ಒಣಗಿದ ಪಂಪ್ ಗಾಳಿಯನ್ನಷ್ಟೇ ತಿರುವುತ್ತದೆ. ವ್ಯಾಸಲೀನ್ ಇದ್ದರೆ ಮೊದಲ ಸುತ್ತಿಗೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಬಳಿಕ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರೊಪೆಲ್ಲರನ್ನು ತಿರುಗಿಸುತ್ತ ಹೋಗುತ್ತಾರೆ, ಒಬ್ಬರ ಕಣ್ಣು ಗೇಜಿನ ಮೇಲೆ. ಮುಳ್ಳು ಅಲುಗಿದ ಮೇಲೆಯೇ ಪ್ಲಗ್‌ಗಳು ಮತ್ತೆ ಒಳಗೆ ಹೋಗುವುದು.