ಕನ್ನಡ ನಾಡಿನ ಹಾಲಿನ ಭಕ್ಷ್ಯಗಳು: ಕೆಲವು ಐತಿಹಾಸಿಕ ಆಧಾರಗಳು

ಹಾಲಿಗೆ ಹುಳಿಯನ್ನು ಬೆರೆಸಿ ಒಡೆಸಿ, ಅದರ ಗಟ್ಟಿಭಾಗದಿಂದ ಸಿಹಿತಿಂಡಿಗಳನ್ನು ಮಾಡುವ ಕ್ರಮವು ಭಾರತಕ್ಕೆ ಪೋರ್ತುಗೀಸರಿಂದ ಬಂದಿತೆಂಬ ಅಭಿಪ್ರಾಯವು ಆಹಾರದ ಇತಿಹಾಸವನ್ನು ಬರೆದವರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಹಾಲನ್ನು ಬುದ್ಧಿಪೂರ್ವಕವಾಗಿ ಒಡೆಸುವುದು ಪ್ರಾಚೀನರಿಗೆ ನಿಷಿದ್ಧವಾಗಿತ್ತೆಂಬುದು ಈ ಮತದ ತಳಹದಿ. 17ನೆಯ ಶತಮಾನದಲ್ಲಿ ಬಂಗಾಳವನ್ನು ಕಂಡ ಫ್ರೆಂಚ್ ಪ್ರವಾಸಿ ಬರ್ನಿಯೆ, ಅಲ್ಲಿಯ ಪೋರ್ತುಗೀಸರು ಮಿಠಾಯಿ ಮಾಡುವುದರಲ್ಲಿ ನಿಪುಣರೆಂದು ಹೇಳಿರುವುದು ಇದಕ್ಕೆ ಪೋಷಕವಾಗಿದೆ. ಬಂಗಾಳದ ಮಟ್ಟಿಗೆ ಈ ಮತವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಆದರೆ ಅದನ್ನು ಭಾರತಕ್ಕೆಲ್ಲ ಅನ್ವಯಿಸಹೊರಟರೆ ಕನ್ನಡ ನಾಡಿನ ಗ್ರಂಥಗಳು ಅಡ್ಡಬರುತ್ತವೆ.

ಇವುಗಳಲ್ಲಿ ಮೊದಲನೆಯದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ರಚಿತವಾದ ಈ ಕನ್ನಡ ಗ್ರಂಥವು ಕೃಷಿ, ಪಶುವೈದ್ಯಗಳೊಡನೆ ಅಡುಗೆಯ ವಿಷಯವನ್ನೂ ಹೇಳುತ್ತದೆ. ಎಮ್ಮೆಯ ಹಾಲನ್ನು ಗಿಡಮೂಲಿಕೆಗಳಿಂದ ಗಟ್ಟಿಗೊಳಿಸಿ ಸಿಹಿ ಮಾಡುವ ವಿಧಾನ ಅದರಲ್ಲಿದೆ. ಎರಡನೆಯದು ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’. ಅದರ ಅನ್ನಭೋಗ ಪ್ರಕರಣದಲ್ಲಿ, ಕಾದ ಹಾಲನ್ನು ಹುಳಿಯಿಂದ ಒಡೆಸಿ, ನೀರನ್ನು ಬಸಿದು, ಉಳಿದ ಗಟ್ಟಿಭಾಗಕ್ಕೆ ಅಕ್ಕಿಯ ಹಿಟ್ಟನ್ನು ಬೆರೆಸಿ ನಾದಿ, ತುಪ್ಪದಲ್ಲಿ ಕರಿದು ಸಕ್ಕರೆಯೊಡನೆ ಕೂಡಿಸುವ ‘ಕ್ಷೀರಪ್ರಾಕಾರ’ದ ವಿವರಣೆ ದೊರೆಯುತ್ತದೆ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟುವುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನ ಮಾತಿದು. ಬರೆದವನು ಅರಸು, ಬರೆದುದು ರಾಜಭೋಜನದ ವರ್ಣನೆ. ಒಡೆದ ಹಾಲು ಎಲ್ಲೆಡೆಯೂ ನಿಷಿದ್ಧವಾಗಿದ್ದಿತೆಂಬ ಮಾತು ಇಲ್ಲಿ ನಿಲ್ಲಲಾರದು.

ಹಾಗೆಂದು ಇಂದಿನ ರಸಗುಲ್ಲವು ಕಲ್ಯಾಣದಿಂದ ಹೊರಟಿತೆಂದು ಸಾರುವುದೂ ಅಷ್ಟೇ ಅವಿಚಾರವಾದೀತು. ಕಲ್ಯಾಣದ ಅರಮನೆಯ ಅಡುಗೆಗೂ ಬಂಗಾಳದ ಮಿಠಾಯಿಗೂ ನಡುವೆ ಶತಮಾನಗಳ ಅಂತರವಿದೆ. ಕನ್ನಡದ ಮನೆಗಳಲ್ಲಿಯೂ ಕ್ಷೀರಪ್ರಾಕಾರವೆಂಬ ಹೆಸರು ಬಳಕೆಯಲ್ಲಿ ಉಳಿದಿಲ್ಲ. ಉಳಿದುದು ಬೇರೆ ಬಗೆಯ ಜಾಣ್ಮೆ. ಅಕಸ್ಮಾತ್ತಾಗಿ ಒಡೆದ ಹಾಲನ್ನು ಚೆಲ್ಲದೆ ಬೆಲ್ಲವಿಕ್ಕಿ ಕುದಿಸಿ ಮಕ್ಕಳಿಗೆ ಬಡಿಸುವ ಗೃಹಿಣಿಯಲ್ಲಿ ಅದು ಕಾಣುತ್ತದೆ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸುವ ಗಿಣ್ಣಿನಲ್ಲಿ ಕಾಣುತ್ತದೆ. ಆ ಹಾಲಿನಲ್ಲಿ ಬಿಸಿಗೆ ಗಟ್ಟಿಯಾಗುವ ಸಸಾರಜನಕವು ಹೇರಳವಾಗಿರುವುದರಿಂದ ಹುಳಿಯ ನೆರವೇ ಬೇಡ. ಕರಿದ ಪೂರಿಯನ್ನು ಸಿಹಿಹಾಲಿನಲ್ಲಿ ನೆನೆಸಿದ ಹಾಲುಹೋಳಿಗೆಯಂತೂ ರೊಟ್ಟಿ ಹಾಲುಗಳ ಸಹಜ ಸಂಯೋಗ.

ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ಇಂದು ಹೊರನಾಡಿನಲ್ಲಿ ಕನ್ನಡಿಗರ ಗುರುತೆನಿಸಿರುವ ಧಾರವಾಡದ ಪೇಡೆಯು, ಉತ್ತರ ಪ್ರದೇಶದ ಉನ್ನಾವದಿಂದ ಬಂದು ಧಾರವಾಡದಲ್ಲಿ ನೆಲೆಸಿದ ಠಾಕೂರ ಮನೆತನದವರು ಬಳಕೆಗೆ ತಂದುದು. ಹಾಲನ್ನು ಬತ್ತಿಸಿ ಹದವಾಗಿ ಹುರಿದು ಸಕ್ಕರೆಯಲ್ಲಿ ಹೊರಳಿಸಿದ ಆ ಕಂದುಬಣ್ಣದ ಪೇಡೆಯು ಊರಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಪರರದೆಂದು ಬಗೆದುದು ಇಲ್ಲಿಯ ಹಳೆಯ ಗ್ರಂಥದಲ್ಲಿದೆ. ಇಲ್ಲಿಯದೆಂದು ಅಭಿಮಾನಪಡುವುದು ವಲಸೆ ಬಂದವರ ಕೈಯಿಂದ ಬಂದಿದೆ. ತಾವೇ ವಲಸೆ ಬಂದು ಪರಪ್ರಾಂತಗಳಲ್ಲಿ ನೆಲೆಸಿರುವ ಕನ್ನಡಿಗರು ಈ ಎರಡನ್ನೂ ಒಟ್ಟಿಗೆ ನೆನೆಯಬೇಕು. ಗ್ರಂಥಗಳ ಸಾಕ್ಷ್ಯವನ್ನು ಮರೆಯದಿರುವುದೂ, ಬಂದವರ ಋಣವನ್ನು ಮರೆಮಾಚದಿರುವುದೂ ಒಂದೇ ಪ್ರಾಮಾಣಿಕತೆಯ ಎರಡು ಮುಖಗಳು.