ಬಾಣಂತಿಯ ನೆತ್ತರಿಗೊಂದು ಅಳತೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಹೆರಿಗೆಯೆಲ್ಲ ಮನೆಯಲ್ಲೇ. ಎಷ್ಟು ನೆತ್ತರು ಹೋಯಿತೆಂಬುದು ಸೂಲಗಿತ್ತಿಯ ಕಣ್ಣಂದಾಜು. ಮಗುವಾದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಿದರೆ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಸಡಿಲವಾಗಿಯೇ ಉಳಿದರೆ ಕೆಲವೇ ಗಂಟೆಗಳಲ್ಲಿ ಬಾಣಂತಿಯ ಜೀವ ಹೋಗಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ನುರಿತ ಕೈ ಬೇಕು. ಹಳ್ಳಿಯಲ್ಲಿ ಎರಡೂ ದುರ್ಲಭವಾಗಿದ್ದವು.

ಇದಕ್ಕೊಂದು ಪರಿಹಾರ ಪರೀಕ್ಷೆಗೆ ಒಳಗಾದದ್ದು ಇದೇ ಉತ್ತರ ಕರ್ನಾಟಕದಲ್ಲಿ, ಧಾರವಾಡದಾಚೆಯ ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ 2002ರಿಂದ 2005ರವರೆಗೆ 1,620 ಗ್ರಾಮೀಣ ಮಹಿಳೆಯರ ಹೆರಿಗೆಯನ್ನು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರು. ಅರ್ಧದಷ್ಟು ಮಂದಿಗೆ ತಂಪೂ ಸೂಜಿಯೂ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಹಾಸಿ, ಹೋದ ನೆತ್ತರನ್ನು ಅಳೆದರು. ಅರ್ಧ ಲೀಟರ್ ಇಲ್ಲವೇ ಅದಕ್ಕೂ ಹೆಚ್ಚು ರಕ್ತಸ್ರಾವವಾದವರು ಔಷಧವಿಲ್ಲದ ಗುಂಪಿನಲ್ಲಿ ಶೇ. 12, ಮಾತ್ರೆ ನುಂಗಿದವರಲ್ಲಿ ಶೇ. 6.4.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಚೀಲ ಕಲಿಸಿದ ಪಾಠವೂ ಸಣ್ಣದಲ್ಲ. ಕಣ್ಣಂದಾಜು ನಿಜವಾದ ನೆತ್ತರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಅಂಥದೇ ಅಳತೆಯ ಚೀಲ ಬಳಸಿ ಕೂಡಲೇ ಚಿಕಿತ್ಸೆ ಕೊಟ್ಟರೆ ತೀವ್ರ ರಕ್ತಸ್ರಾವ ಬಹಳ ತಗ್ಗುವುದೆಂದು ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನ 2023ರಲ್ಲಿ ತೋರಿಸಿತು. ಈಗ ಹೆರಿಗೆ ಬಹುಪಾಲು ಆಸ್ಪತ್ರೆಗೆ ಬಂದಿದೆ. ಅಲ್ಲಿಯೂ ಅಂದಾಜಿಗಿಂತ ಅಳತೆಯೇ ಬಾಣಂತಿಗೆ ಕಾವಲು.